ಚಪ್ಪಲಿಗೆ ಟೋಕನ್, ಫೋಟೊಗೆ ದೇವರೇ ದಿಕ್ಕು

ಅಕ್ಕಲಕೋಟೆಗೆ ಹೋಗುವ ನಮ್ಮ ಮಂದಿಯ ಎಚ್ಚರಿಕೆಯನ್ನು ಮೆಚ್ಚಲೇಬೇಕು. ಚಪ್ಪಲಿ ಬಿಟ್ಟರೆ ಟೋಕನ್ ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕುತ್ತಾರೆ. ಸೊಲ್ಲಾಪುರದಲ್ಲಿ ಕೊಂಡ ಚಾದರಕ್ಕೆ ಎರಡು ಸುತ್ತು ಪ್ಲಾಸ್ಟಿಕ್. ಶೇಂಗಾ ಚಟ್ನಿಗೆ ಡಬ್ಬಿ, ಡಬ್ಬಿಗೆ ಬೇರೆ ಚೀಲ; ಎಣ್ಣೆ ಸೋರಿದರೆ ಚಾದರದ ಗತಿಯೇನು? ಬಂಗಾರವಂತೂ ಊರಲ್ಲೇ ಲಾಕರಿನಲ್ಲಿ ಮಲಗಿರುತ್ತದೆ. ಇನ್ನು ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, “ಸ್ವಲ್ಪ ಎಡಕ್ಕ ಸರೀರಿ, ಅಯ್ಯ, ಹಿಂದ ಯಾರೋ ಬಂದ್ರು, ಇನ್ನೊಂದು ತೆಗೀರಿ” ಎಂದು ಒದ್ದಾಡಿ ತೆಗೆಸಿಕೊಂಡ ಫೋಟೊಗಳು? ಅವು ಭಾವನವರ ಪ್ಯಾಂಟಿನ ಹಿಂದಿನ ಜೇಬಿನಿಂದ ಅರ್ಧ ಹೊರಗೆ ಇಣುಕುತ್ತಾ, ಅಕ್ಕಲಕೋಟೆಯ ಬಸ್ಸಿನ ಬಾಗಿಲಲ್ಲಿ ಜೋತಾಡುತ್ತಾ ಹೋಗುತ್ತಿರುತ್ತವೆ.

ಕೇಳಿದರೆ ಭಾವನವರ ಉತ್ತರ ಸಿದ್ಧ. “ಏನೂ ಆಗೂದಿಲ್ರಿ, ಎಲ್ಲಾ ಗೂಗಲ್‌ನ್ಯಾಗ ಅದಾವು.”

ಎಲ್ಲಿ ಅದಾವು? ಗೂಗಲ್ ಫೋಟೋಸ್ ಎಷ್ಟು ಬೇಕಾದರೂ ಪುಕ್ಕಟೆ ಇಟ್ಟುಕೊಳ್ಳುತ್ತಿದ್ದ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಸಿಗುವುದು 15 ಜಿಬಿ, ಅದೂ ಇ-ಮೇಲ್ ಜೊತೆ ಹಂಚಿಕೊಂಡು. ಭಾವನವರ 15 ಜಿಬಿ ಯಾವುದೋ ಮದುವೆಯ ವಿಡಿಯೊಗಳಿಂದ ಎಂದೋ ಭರ್ತಿಯಾಗಿದೆ. ‘ಜಾಗವಿಲ್ಲ’ ಎಂದು ಫೋನು ದಿನಾ ಹೇಳುತ್ತದೆ, ಇವರು ದಿನಾ ಬೆರಳಲ್ಲಿ ಪಕ್ಕಕ್ಕೆ ಸರಿಸುತ್ತಾರೆ. ಒಂದು ವೇಳೆ ಜಾಗವಿದ್ದರೂ ‘ವೈಫೈ ಇದ್ದಾಗ ಮಾತ್ರ ಕಳಿಸು’ ಎಂಬ ಕಟ್ಟಪ್ಪಣೆ ಇರುತ್ತದೆ. ಯಾತ್ರೆಯ ಲಾಡ್ಜುಗಳಲ್ಲಿ ವೈಫೈ ಇರುವುದು ಬೋರ್ಡಿನ ಮೇಲೆ.

ಸೊಲ್ಲಾಪುರದ ಸಂಕ್ರಾಂತಿಯ ಗಡ್ಡಾ ಯಾತ್ರೆಗೆ ಬಂದು ನೋಡಬೇಕು ಈ ಚೆಂದ. ಹನ್ನೆರಡನೆಯ ಶತಮಾನದ ನಮ್ಮ ಶರಣ ಸಿದ್ಧರಾಮನ ಜಾತ್ರೆ. ಏಳು ನಂದಿಧ್ವಜಗಳು ಮುಗಿಲೆತ್ತರಕ್ಕೆ ನಿಂತು ಬರುತ್ತವೆ. ಹೊತ್ತವರ ಕುತ್ತಿಗೆಯ ನರ ಉಬ್ಬಿರುತ್ತದೆ, ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿರುತ್ತದೆ. ಅಕ್ಷತೆ ಬೀಳುವ ಗಳಿಗೆಗೆ ಜನ ಅಕ್ಕಿಕಾಳಿಗೆ ಎತ್ತಿದ್ದಕ್ಕಿಂತ ಹೆಚ್ಚು ಕೈ ಮೊಬೈಲಿಗೆ ಎತ್ತಿರುತ್ತಾರೆ. ಅಷ್ಟು ಜನ ಒಂದೇ ಟವರಿನ ಕೆಳಗೆ ನಿಂತರೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಒಂದು ಫೋಟೊ ಕೂಡ ಫೋನು ಬಿಟ್ಟು ಕದಲುವುದಿಲ್ಲ. ಫೋನು ಮಾತ್ರ ಜೇಬು ಬಿಟ್ಟು ಕದಲುತ್ತದೆ.

ಭಾವನವರದ್ದೂ ಕದಲಿತು. ಮೊಬೈಲ್ ಹೋಯಿತೆಂದು ದೂರು ಕೊಟ್ಟು, ಸಂಚಾರ ಸಾಥಿ ಪೋರ್ಟಲಿನಲ್ಲಿ ಐಎಂಇಐ ಸಂಖ್ಯೆ ಹಾಕಿ ಬ್ಲಾಕ್ ಮಾಡಿಸಿದರು. ಒಳ್ಳೆಯ ವ್ಯವಸ್ಥೆ, ಇನ್ನು ಯಾವ ಸಿಮ್ ಹಾಕಿದರೂ ಕದ್ದವನಿಗೆ ಮಾತಾಡಲು ಬಾರದು. ಆದರೆ ಅಕ್ಕನ ಇಳಕಲ್ ಸೀರೆಯ ಫೋಟೊಗಳು? ಕಳ್ಳನಿಗೂ ಬೇಡ, ನಮಗೂ ಇಲ್ಲ.

“ವಾಟ್ಸಾಪ್ ಗ್ರೂಪಿಗೆ ಹಾಕೇವಲ್ಲ!” ಎಂಬುದು ಎರಡನೆಯ ಸಮಾಧಾನ. ಹಾಕಿದ್ದೀರಿ, ನಿಜ. ವಾಟ್ಸಾಪ್ ಫೋಟೊವನ್ನು ಹಿಂಡಿ, ನೀರಿಳಿಸಿ ಕಳಿಸುತ್ತದೆ. ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಲು ಹೋದರೆ ಅಕ್ಕಲಕೋಟೆಯ ವಟವೃಕ್ಷದ ಎಲೆ ಯಾವುದು, ಮಾವನವರ ಮೀಸೆ ಯಾವುದು ಗೊತ್ತಾಗದು. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಇದ್ದಂತೆಯೇ ಹೋಗುತ್ತದೆ. ಆದರೆ ಆ ಪುಟ್ಟ ಗುರುತನ್ನು ಒತ್ತುವ ತಾಳ್ಮೆ ಯಾರಿಗಿದೆ?

ಇನ್ನು ಸಂತೆಯಲ್ಲಿ ಕೈಗೆಟಕುವ ಬೆಲೆಗೆ ‘1 ಟಿಬಿ’ ಕಾರ್ಡು ಕೊಂಡವರದ್ದು ಬೇರೆ ಪುರಾಣ. ಒಳಗಿರುವುದು ಎಂಟೋ ಹದಿನಾರೋ ಜಿಬಿ. ಕಾರ್ಡಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ತುಂಬಿದ ಮೇಲೂ ‘ಹಾಕು, ಹಾಕು’ ಎನ್ನುತ್ತಾ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ಒಳ್ಳೆಯ ಕಾರ್ಡಿನಲ್ಲಿ ಕೈತಪ್ಪಿ ಅಳಿಸಿದ್ದಾದರೆ ಉಪಾಯವುಂಟು: ಅಳಿದದ್ದು ಬರಿಯ ವಿಳಾಸ, ಚಿತ್ರ ಅಲ್ಲೇ ಇರುತ್ತದೆ. ಆಮೇಲೆ ಒಂದೂ ಫೋಟೊ ತೆಗೆಯದೆ ಕಾರ್ಡು ಹೊರತೆಗೆದಿಟ್ಟರೆ ಫೋಟೊರೆಕ್‌ನಂಥ ಪುಕ್ಕಟೆ ಸಾಫ್ಟ್‌ವೇರ್ ಎತ್ತಿಕೊಡಬಹುದು. ಫೋನಿನೊಳಗಿನ ನೆನಪಿಗೆ ಈ ಭಾಗ್ಯವಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಫೋನಿನದ್ದೂ ಹೋಯಿತು, ಗೂಗಲ್ ಸೇರಿದ್ದೂ ಹೋಯಿತು. ಗೂಗಲ್ ಸೇರಿದ್ದು ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಅಷ್ಟರೊಳಗೆ ನೆನಪಾಗಬೇಕು.

ಅಕ್ಕಲಕೋಟೆಯಲ್ಲಿ ಮಾತ್ರ ಒಂದು ಫೋಟೊ ಕಳೆದುಹೋಗುವ ಮಾತೇ ಇಲ್ಲ. ಅಲ್ಲಿನ ಸಂತ ಸ್ವಾಮಿ ಸಮರ್ಥರದು. ಅದನ್ನು ಕೊಡಾಕ್ ಕಂಪನಿಯವನೇ ಬಂದು ತೆಗೆದನೆಂದು ಭಕ್ತರು ಕೈಮುಗಿದು ಹೇಳುತ್ತಾರೆ. ಸ್ವಾಮಿಗಳು ಸಮಾಧಿಯಾದದ್ದು 1878ರಲ್ಲಿ, ಕೊಡಾಕ್ ಎಂಬ ಹೆಸರು ನೋಂದಣಿಯಾದದ್ದು 1888ರಲ್ಲಿ. ಲೆಕ್ಕ ಒತ್ತಟ್ಟಿಗಿರಲಿ, ಭಕ್ತಿಯ ಎದುರು ಕ್ಯಾಲೆಂಡರ್ ಹಿಡಿಯುವ ಧೈರ್ಯ ನನಗಿಲ್ಲ. ಫಿಲ್ಮೂ ಇಲ್ಲದ, ಗಾಜಿನ ತಟ್ಟೆಯ ಮೇಲೆ ಚಿತ್ರ ಹಿಡಿಯುತ್ತಿದ್ದ ಆ ಕಾಲದ ಮುಖ ಇಂದಿಗೂ ಉಳಿದದ್ದು ಹೇಗೆ? ಗೋಡೆ, ರಿಕ್ಷಾ, ಕ್ಯಾಲೆಂಡರ್, ಪರ್ಸು, ಕೀಲಿಕೈ ಗೊಂಚಲು, ಎಲ್ಲೆಲ್ಲೂ ಪ್ರತಿ. ಯಾವುದನ್ನು ಕದ್ದರೂ ಇನ್ನೊಂದಿದೆ. ಪ್ರತಿಗಳ ವಿಷಯದಲ್ಲಿ ಇದರ ಜೊತೆ ಪೈಪೋಟಿಗೆ ನಿಲ್ಲಬಲ್ಲದ್ದು, ಅಕ್ಕಲಕೋಟೆ ನಮ್ಮ ರಾಜ್ಯಕ್ಕೆ ಸೇರಲಿ ಎಂದ 1967ರ ಮಹಾಜನ ವರದಿಯೊಂದೇ: ಎಲ್ಲರ ಬಳಿಯೂ ಭದ್ರವಾಗಿದೆ, ತೆರೆಯುವವರಿಲ್ಲ.

ಬಂಗಾರ ಉಳಿಯಬೇಕಾದರೆ ಬೀಗ ಬೇಕು. ಫೋಟೊ ಉಳಿಯಬೇಕಾದರೆ ಹಂಚಬೇಕು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಇದನ್ನೇ ಮೂರು-ಎರಡು-ಒಂದು ಎಂದು ಲೆಕ್ಕ ಕಟ್ಟಿದ್ದಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ರಾತ್ರಿ ಲಾಡ್ಜಿನಲ್ಲಿ ಊಟವಾದ ಮೇಲೆ ಒಬ್ಬರ ಫೋನಿನಿಂದ ಇನ್ನೊಬ್ಬರದಕ್ಕೆ, ಅಲ್ಲಿಂದ ಒಂದು ಪೆನ್‌ಡ್ರೈವಿಗೆ ದಾಟಿಸಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ.

ಹೊಸ ಫೋನಿನ ಜೊತೆಗೆ ಭಾವನವರು ಈ ಸಲ ಹಾರ್ಡ್ ಡಿಸ್ಕನ್ನೂ ತಂದಿದ್ದರು, ಅದಕ್ಕೊಂದು ಚರ್ಮದ ಕವಚ ಬೇರೆ. ಪ್ರತಿ ಮಾಡಿದರು, ಎರಡನ್ನೂ ಒಂದೇ ಬ್ಯಾಗಿಗೆ ಹಾಕಿದರು, ಬ್ಯಾಗನ್ನು ರೈಲಿನ ಸೀಟಿನ ಕೆಳಗೆ ತಳ್ಳಿ ಗೊರಕೆ ಶುರು ಮಾಡಿದರು. ಸೊಲ್ಲಾಪುರ ದಾಟಿ ಹೊಟಗಿ ಬಂತು. ಅಲ್ಲಿ ಹಳಿ ಕವಲೊಡೆದು ಒಂದು ವಿಜಯಪುರಕ್ಕೆ, ಇನ್ನೊಂದು ಅಕ್ಕಲಕೋಟೆ ರೋಡ್ ಮೇಲೆ ಕಲಬುರಗಿಗೆ. ವಿಜಯಪುರದ ಗಾಡಿಗೆಂದು ಇಳಿಯುತ್ತಿದ್ದ ತಮ್ಮನ ಕೈಗೆ ಅಕ್ಕ ಸದ್ದಿಲ್ಲದೆ ಡಿಸ್ಕು ತೆಗೆದುಕೊಟ್ಟಳು.

ಕಲಬುರಗಿಯಲ್ಲಿ ಎಚ್ಚರಾದ ಭಾವನವರು ಬ್ಯಾಗು ತಡಕಾಡಿ ಹೌಹಾರಿದರು. “ನನ್ನ ಡಿಸ್ಕ್ ಎಲ್ಲಿ ಹೋತ?”

“ಅದು ವಿಜಾಪುರದಾಗ ಅದ. ನೀವು ಚಟ್ನಿ ಡಬ್ಬಿ ಇಳಸ್ರಿ.”