ಪತ್ತೇದಾರನ ಬಾಲಂಗೋಚಿ

ಗಾಳಿಪಟಕ್ಕೆ ಬಾಲಂಗೋಚಿ ಹೇಗೋ ಪತ್ತೇದಾರಿ ಚಿತ್ರದ ನಾಯಕನಿಗೆ ಪೆದ್ದ ಒಡನಾಡಿಯೂ ಹಾಗೆಯೇ ಅನಿವಾರ್ಯವೆಂದು ಹಾಲಿವುಡ್ ನಂಬಿತ್ತೆಂಬುದಕ್ಕೆ, 1939ರಿಂದ 1946ರವರೆಗೆ ಬಂದ 14 ಷರ್ಲಾಕ್ ಹೋಮ್ಸ್ ಚಿತ್ರಗಳಲ್ಲಿ ಹೋಮ್ಸ್ ಪಾತ್ರಧಾರಿ ಬೇಸಿಲ್ ರಾತ್‌ಬೋನ್ ಅವರ ಪಕ್ಕದಲ್ಲಿ ಗೊಣಗುತ್ತ, ತಡವರಿಸುತ್ತ ನಿಂತ ನೈಜೆಲ್ ಬ್ರೂಸ್ ಅವರ ಡಾ. ವಾಟ್ಸನ್ ಪಾತ್ರವೇ ಸಾಕ್ಷಿ. ಕಾನನ್ ಡಾಯ್ಲ್ ಬರೆದ ಮೂಲ ವಾಟ್ಸನ್ ಅಫ್ಘನ್ ಯುದ್ಧದಲ್ಲಿ ಗುಂಡೇಟು ತಿಂದ ಸೇನಾವೈದ್ಯ, ಸಾಲದ್ದಕ್ಕೆ ಬಹುತೇಕ ಕಥೆಗಳ ನಿರೂಪಕ. ಆದರೆ ಕಥೆ ಹೇಳಲು ಕ್ಯಾಮೆರಾವೇ ಇರುವಾಗ ನಿರೂಪಕನ ಹಂಗೇಕೆಂದು, ಕೆಲಸ ಕಳೆದುಕೊಂಡ ಈ ವೈದ್ಯನನ್ನು ವಿದೂಷಕನ, ಅಂದರೆ ಸಂಸ್ಕೃತ ನಾಟಕಗಳಲ್ಲಿ ರಾಜನ ಜೊತೆಗಿದ್ದು ನಗಿಸುವ ಗೆಳೆಯನ, ಹುದ್ದೆಗೆ ವರ್ಗ ಮಾಡಲಾಯಿತೆನ್ನಬೇಕು. 1946ರ ‘ಡ್ರೆಸ್ಡ್ ಟು ಕಿಲ್’ ಚಿತ್ರದಲ್ಲಂತೂ ಈ ಮಾಜಿ ಸೈನಿಕ, ಕಳ್ಳರು ಕಟ್ಟಿಹಾಕಿದ್ದ ಪುಟ್ಟ ಹುಡುಗಿಯನ್ನು ಸಮಾಧಾನಪಡಿಸಲು ಅತ್ಯಂತ ಗಂಭೀರವಾಗಿ ಬಾತುಕೋಳಿಯಂತೆ ಕೂಗುತ್ತಾನೆ. ಹಾಗೆಂದು ಅವನನ್ನು ತೀರಾ ಹಗುರವಾಗಿ ಎಣಿಸುವಂತಿಲ್ಲ. ಅದೇ ಚಿತ್ರದಲ್ಲಿ ಮಾತಿನ ಮಧ್ಯೆ ಅವನೆತ್ತಿದ, ಇಂಗ್ಲಿಷ್ ಸಾಹಿತಿ ಡಾ. ಸ್ಯಾಮ್ಯುಯೆಲ್ ಜಾನ್ಸನ್‌ರ ಹೆಸರಿನಿಂದಲೇ ಹೋಮ್ಸ್‌ಗೆ ಗುಟ್ಟಿನ ಸುಳಿವು ಸಿಗುತ್ತದೆ. ಅಂದಹಾಗೆ, ತೆರೆಯ ಮೇಲೆ ಹೋಮ್ಸ್‌ನ ದೊಡ್ಡಪ್ಪನಂತೆ ಕಾಣುವ ಬ್ರೂಸ್, ವಯಸ್ಸಿನಲ್ಲಿ ರಾತ್‌ಬೋನ್‌ಗಿಂತ ಸುಮಾರು ಮೂರು ವರ್ಷ ಚಿಕ್ಕವರು.