ಹಸಿ ಸಿಪ್ಪೆಯ ವ್ಯಾಜ್ಯ

ಟೋಕಿಯೋ ನಗರದ ನಿಶಿಕಸಾಯಿಯಲ್ಲಿ, ನಮ್ಮ ಕಟ್ಟಡದ ಕಸದ ಚೀಲಗಳಿಗೆ ಹೊದಿಸುವ ಬಲೆಯ ಮುಂದೆ ಮೊನ್ನೆ ಬೆಳಿಗ್ಗೆ ನಡೆದ ವಾಗ್ಯುದ್ಧವನ್ನು ನೆನೆದರೆ, ನಗಬೇಕೋ ಸಿಡುಕಬೇಕೋ ಎಂಬುದು ನನಗಿನ್ನೂ ನಿಶ್ಚಯವಾಗಿಲ್ಲ. ನಮ್ಮೂರಾದ ಬಾಳೆಹೊಸೂರಿನಿಂದ ಬಂದಿರುವ ನಮ್ಮ ಅವ್ವ ಬಾಳೆಹಣ್ಣಿನ ಸಿಪ್ಪೆಗಳನ್ನು, ಉರಿಯದ ಕಸವನ್ನಿಡುವ ದಿನ ಹೊರಗಿಟ್ಟಿದ್ದಳು. ಉರಿಯುವುದಕ್ಕೆ ವಾರಕ್ಕೆ 2 ದಿನ, ಸೀಸೆ-ಡಬ್ಬಿಗಳಿಗೆ 1 ದಿನ, ಉರಿಯದ್ದಕ್ಕೆ ತಿಂಗಳಿಗೆ 2 ದಿನವೆಂಬ ಪಂಚಾಂಗವನ್ನು ಸೊಸೆ ಗೋಡೆಗಂಟಿಸಿ ಪಾಠ ಹೇಳಿದ್ದುಂಟು. ಆದರೆ ಆಯುಷ್ಯವೆಲ್ಲ ಒಲೆಯ ಮುಂದೆ ಊದುಗೊಳವೆ ಊದಿದವಳಿಗೆ, ಯಾವುದು ಉರಿಯುತ್ತದೆಂಬುದನ್ನು ಮುನಸಿಪಾಲ್ಟಿಯವರು ಕಲಿಸುವುದೇ?

“ಹಸಿ ಸಿಪ್ಪಿ ಎಲ್ಲ್ಯರ ಉರೀತೈತೇನ? ಹೊಗಿ ಆಡತೈತಿ, ಅಷ್ಟ!”

ತರ್ಕವೇನೋ ಅಖಂಡನೀಯ. ಆದರೂ ಕೆಳಮನೆಯ ವೃದ್ಧೆ ಆ ಚೀಲವನ್ನು ಮಠದ ಪ್ರಸಾದದಂತೆ ಎರಡೂ ಕೈಗಳಲ್ಲಿ ಹಿಡಿದು, ಸವಿನಯವಾಗಿ ಹಿಂದಿರುಗಿಸಲು ನಿಂತಿದ್ದಳು. ನಡುವೆ ದ್ವಿಭಾಷಿಯಾಗಿ ನನ್ನ ಎಂಟು ವರ್ಷದ ಮಗಳು. ನಾನು ಇಳಿದು ಹೋಗಲು ಹೊರಟರೆ ಹೆಂಡತಿ ಅಂಗಿ ಹಿಡಿದೆಳೆದು, ಪರದೆಯ ಹಿಂದೆ ಉತ್ತಮ ಆಸನವೊಂದನ್ನು ಒದಗಿಸಿದಳು.

2000ದ ಸುಮಾರಿಗೆ ಗಣಕಯಂತ್ರದ ಕೆಲಸಕ್ಕೆಂದು ಬಂದ ಭಾರತೀಯರು, ತೋಝಾಯ್ ಮಾರ್ಗದ ರೈಲು ಕಚೇರಿಗಳಿಗೆ ಅನುಕೂಲವೆಂದು ಇಲ್ಲಿ ನೆಲೆಸಿ, 2004ರಿಂದೀಚೆಗೆ ಭಾರತೀಯ ಶಾಲೆಗಳೂ ಈ ಕಡೆ ತೆರೆದ ಮೇಲೆ, ನಮ್ಮ ಮಕ್ಕಳು ತರಗತಿಯಲ್ಲಿ ಇಂಗ್ಲಿಷಿನವರೂ ಆಟದ ಬಯಲಿನಲ್ಲಿ ಜಪಾನಿಯವರೂ ಆಗಿ ಬೆಳೆಯುತ್ತಿದ್ದಾರೆ. ನನ್ನ ಮಗಳು ತನ್ನ ಹಕ್ಕುಗಳನ್ನು ಇಂಗ್ಲಿಷಿನಲ್ಲಿ ಪ್ರತಿಪಾದಿಸುತ್ತಾಳೆ, ಕ್ಷಮೆಯನ್ನು ಜಪಾನಿಯಲ್ಲಿ ಬೇಡುತ್ತಾಳೆ, ಶೇಂಗಾ ಉಂಡಿಯನ್ನು ಮಾತ್ರ ಕನ್ನಡದಲ್ಲಿ ಕೇಳುತ್ತಾಳೆ. ನಮ್ಮೂರ ನೆರೆಯ ಲಕ್ಷ್ಮೇಶ್ವರವೇ ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಯಲ್ಲಿ ಹೆಸರಿಸಿದ ಪುಲಿಗೆರೆಯೆಂದು ನಾನು ಊಟದ ಹೊತ್ತಿನಲ್ಲಿ ಘೋಷಿಸಿದರೆ, ಆಕೆ ಉಂಡಿ ಮುರಿಯುತ್ತ, ಮುದುಕರ ಮಾತಿಗೆ ಸಲ್ಲುವಷ್ಟು ತಲೆಯಾಡಿಸುತ್ತಾಳೆ.

ಅವ್ವನಾದರೋ ಅಂದು ಆ ತಿರುಳನ್ನೆಲ್ಲ ಹರಿಯಬಿಟ್ಟಳು. ಮನೆಗೊಂದು ಎಮ್ಮೆಯಿಲ್ಲದ, ಎಮ್ಮೆಯಿಲ್ಲದಿದ್ದರೆ ಹೋಗಲಿ, ತಿಪ್ಪೆಗೂ ಗತಿಯಿಲ್ಲದ ಈ ರಾಜಧಾನಿಯ ದಾರಿದ್ರ್ಯದಿಂದ ಆರಂಭಿಸಿ, ನಮ್ಮೂರ ದಿಂಗಾಲೇಶ್ವರ ಮಠದ ದಾಸೋಹದ ಎಲೆಗಳನ್ನು ಎತ್ತುವ ಕ್ರಮವನ್ನು ವಿವರಿಸಿ, ಸಿಪ್ಪೆಗೆ ತಿಥಿ ನೋಡುವವರ ಬುದ್ಧಿಯ ಬಗ್ಗೆ ಕೆಲವು ಅಮುದ್ರಣೀಯ ಸಂದೇಹಗಳನ್ನೆತ್ತಿ ಉಸಿರು ತೆಗೆದುಕೊಂಡಳು. ಮಗಳು ಸೊಂಟ ಬಾಗಿಸಿ, “ಸುಮಿಮಾಸೆನ್” ಎಂದಳು. ಅಷ್ಟೇ ಭಾಷಾಂತರ.

ವೃದ್ಧೆ ನಸುನಕ್ಕು, ಇದನ್ನು ನಾಳೆ ಇಟ್ಟರಾಯಿತೆಂದು ಮೆಲ್ಲಗೆ ನುಡಿದಳು. ಇದು ಕನ್ನಡಕ್ಕೆ ಬರುವಾಗ ಬೆಳೆದುಬಿಟ್ಟಿತು: “ಆಯಿ, ಮತ್ತ ಇಟ್ರ ಪೊಲೀಸ್ರು ಬರ್ತಾರಂತ. ವಿಮಾನದಾಗ ಊರಿಗೆ ವಾಪಸ್ ಕಳಸ್ತಾರಂತ!”

ಅವ್ವ ಸ್ತಬ್ಧಳಾಗಿ ಕೈಮುಗಿದಳು. ವೃದ್ಧೆ ಚೀಲವನ್ನು ಕೆಳಗಿಟ್ಟು ಬಾಗಿದಳು. ಸೌಜನ್ಯದಲ್ಲಿ ಸೋಲುವ ಮನೆತನ ನಮ್ಮದಲ್ಲವಾದ್ದರಿಂದ ಅವ್ವ ಮೊಣಕಾಲು ಹಿಡಿದುಕೊಂಡೇ ಇನ್ನಷ್ಟು ಬಾಗಿದಳು; ಆಕೆ ಅದಕ್ಕಿಂತ ಕೆಳಗೆ; ಇವಳು ಮತ್ತೂ ಕೆಳಗೆ. ಹೀಗೆ ಎರಡು ಪ್ರಾಚೀನ ಸಂಸ್ಕೃತಿಗಳು ನೆಲವನ್ನು ಸಮೀಪಿಸುತ್ತಿರಲಾಗಿ, ಟೋಕಿಯೋದ ದೈತ್ಯ ಕಾಗೆಯೊಂದು ಬಂದು, ಚೀಲವನ್ನು ಹರಿದು, ವ್ಯಾಜ್ಯದ ವಸ್ತುವನ್ನೇ ಎತ್ತಿಕೊಂಡು ಹಾರಿಹೋಯಿತು.

ರಾತ್ರಿ ಹಾಸಿಗೆ ಹಾಸುವಾಗ ಅವ್ವ ಮೊಮ್ಮಗಳನ್ನು ತಗ್ಗಿದ ದನಿಯಲ್ಲಿ ಕೇಳಿದಳು: “ಖರೇನ ಕಳಸ್ತಾರೇನ ನನ್ನ?” ಹುಡುಗಿಯ ಮುಖ ಬಿಳಿಚಿತು. ಅಜ್ಜಿಯ ತೊಡೆಯೇರಿ, ಕುತ್ತಿಗೆ ಬಿಗಿದು ಹಿಡಿದು, ತನ್ನ ಮಾತನ್ನು ಮೂರೂ ಭಾಷೆಗಳಲ್ಲಿ ಹಿಂತೆಗೆದುಕೊಂಡಳು. ಅಲ್ಲಿಗೂ ಸಾಲದೆಂದು ಅತ್ತಳು. ಅಜ್ಜಿ ನಿದ್ದೆ ಬರುವವರೆಗೂ ಬೆನ್ನು ತಟ್ಟುತ್ತ, ಪೊಲೀಸರನ್ನೂ ಕ್ಷಮಿಸಿದಳು.

ಮರುದಿನ ಕೆಳಮನೆಯಿಂದ ಕಿತ್ತಳೆ ಬಂದವು, ಇಲ್ಲಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೋದವು. ಈಗ ದಿನವೂ ಸಂಭಾಷಣೆ; ಒಂದು ಮಾತಿಗೆ ಒಂದು ಉಂಡಿಯೆಂದು ದ್ವಿಭಾಷಿಯ ಸಂಭಾವನೆ ಗೊತ್ತಾಗಿದೆ. ತಾನು ಅರ್ಧ ತಾಸು ಆಡಿದ್ದು ಒಂದೇ ಬಾಗುವಿಕೆಯಲ್ಲಿ ಮುಗಿದುದಕ್ಕೆ ಪೂರ್ತಿ ಉಂಡಿಯೇಕೆಂದು ಅವ್ವ ತಕರಾರು ತೆಗೆದಿದ್ದಾಳೆ. ಉಳಿದುದೆಲ್ಲವನ್ನೂ ಹೇಳದೆ ಬಿಟ್ಟದ್ದಕ್ಕೇ ಇನ್ನೆರಡು ಹೆಚ್ಚು ಸಲ್ಲಬೇಕೆಂದು ಮಗಳು ನನ್ನಲ್ಲಿ ಇಂಗ್ಲಿಷಿನಲ್ಲಿ ಮೇಲ್ಮನವಿ ಸಲ್ಲಿಸಿದ್ದಾಳೆ.