ಕೊಟ್ಟಿಗೆಯಲ್ಲಿ ಕಾರ್ಖಾನೆ

ಲೆಕ್ಕದ ಮೇಷ್ಟ್ರ ಕೈಗೆ ಗ್ರಾಫ್ ಶೀಟು ಮತ್ತು ಖಾಲಿ ಕೊಟ್ಟಿಗೆ ಎರಡೂ ಒಟ್ಟಿಗೆ ಸಿಗಬಾರದು. ನನಗೆ ಸಿಕ್ಕವು. ಜೊತೆಗೆ ನಿವೃತ್ತಿಯೂ ಸಿಕ್ಕಿತ್ತು. ಮೊಬೈಲಿನಲ್ಲಿ ಅಮೆರಿಕದ ಗಡ್ಡದವನೊಬ್ಬ ಹಲಗೆಗೆ ಹತ್ತರಿ ಹೊಡೆದು, ಗಾಳಿಗೆ ಹಾರುವಷ್ಟು ತೆಳ್ಳಗೆ ಸುರುಳಿ ತೆಗೆಯುವುದನ್ನು ದಿನಾ ರಾತ್ರಿ ನೋಡಿ ನೋಡಿ, ಜನ್ಮವೆಲ್ಲ ಪೈಥಾಗೊರಸ್ ಪಾಠ ಮಾಡಿದವನಿಗೆ ಒಂದು ಸ್ಟೂಲು ಮಾಡುವುದು ಯಾವ ಮಹಾ ಅನ್ನಿಸಿತು.

ನಮ್ಮ ಸಾಗರದಲ್ಲಿ ಈ ಮಾತನ್ನು ಗಟ್ಟಿಯಾಗಿ ಆಡುವ ಹಾಗಿಲ್ಲ. ಇಲ್ಲಿನ ಗುಡಿಗಾರರು ನೆಲದ ಮೇಲೆ ಕೂತು, ಗೇಣುದ್ದದ ಉಳಿಯಲ್ಲಿ ಶ್ರೀಗಂಧದ ತುಂಡಿನೊಳಗಿಂದ ಅಂಬಾರಿ ಸಮೇತ ಆನೆ ಹೊರಡಿಸುವವರು. ನಾನು ಆನೆಯ ತಂಟೆಗೆ ಹೋಗುವವನಲ್ಲ. ಮೊದಲು ಕೋಣೆ ಸರಿಯಾಗಲಿ ಅಂತ ಹೊರಟೆ.

ಕೊಟ್ಟಿಗೆ 14 ಅಡಿ ಉದ್ದ, 10 ಅಡಿ ಅಗಲ. ಅಡಿಗೆ 2 ಸೆಂಟಿಮೀಟರಿನಂತೆ ನಕ್ಷೆ ಬರೆದೆ. ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಕಟಿಂಗ್ ಮೆಷಿನ್ನು, ಡ್ರಿಲ್ಲು, ಮೇಜು, ಕಪಾಟುಗಳನ್ನು ಮಾಡಿ ನಕ್ಷೆಯ ಮೇಲೆ ಆ ಕಡೆ ಈ ಕಡೆ ಸರಿಸುತ್ತ ಕೂತೆ. ಇಂಥ ಸುಖವನ್ನು ನಾನು ಸರ್ಕಾರಿ ಸೇವೆಯಲ್ಲಿ ಕಂಡಿರಲಿಲ್ಲ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೊಮ್ಮಗಳು ಅದರಲ್ಲೇ ಚೌಕಾಬಾರ ಆಡಿ, ಡ್ರಿಲ್ ಮೆಷಿನ್ನನ್ನು ಕಡಿದು, ಕಪಾಟನ್ನು ಹಣ್ಣು ಮಾಡಿಟ್ಟಿದ್ದಳು. ನಿಜ ಹೇಳಬೇಕೆಂದರೆ ಅವಳಿಟ್ಟ ಜಾಗದಲ್ಲೇ ಕಪಾಟು ಚೆನ್ನಾಗಿ ಕೂರುತ್ತಿತ್ತು.

ನಕ್ಷೆ ತಕರಾರು ತೆಗೆದದ್ದು ಪ್ಲೈವುಡ್ಡಿನಲ್ಲಿ. ಅಂಗಡಿಯಲ್ಲಿ ಸಿಗುವ ಹಾಳೆ 8 ಅಡಿಗೆ 4 ಅಡಿ. ಅದನ್ನು ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಈಚೆ 8 ಅಡಿ, ದಾಟಿದ ಮೇಲೆ ಆಚೆ 8 ಅಡಿ ಜಾಗ ಬೇಕು. ಇರುವುದೇ 14. ಮೆಷಿನ್ನನ್ನು ಬಾಗಿಲಿಗೆ ನೇರ ಇಟ್ಟರೆ ಹಾಳೆ ಅಂಗಳಕ್ಕೆ ಇಳಿಯುತ್ತದೆ, ಸಮಸ್ಯೆ ಬಗೆಹರಿಯಿತು ಎಂದು ಘೋಷಿಸಿದೆ. ಅಂಗಳ ಎನ್ನುವುದು ನನ್ನವಳು ಹಪ್ಪಳ ಒಣಗಿಸುವ ಜಾಗ. ಅವಳು ನಕ್ಷೆಯನ್ನು ಕನ್ನಡಕ ಹಾಕಿಕೊಂಡೇ ನೋಡಿದಳು. "ಆಯ್ತು. ಗೌರಿ ಕೊರಳಿನ ಗಂಟೆ ಗೂಟದಲ್ಲೇ ಇದೆಯಲ್ರೀ, ಹಲಗೆ ಹೊರಗೆ ಬರೋ ಮುಂಚೆ ಅದನ್ನ ಅಲ್ಲಾಡಿಸಿ" ಅಂದಳು. ಅಲ್ಲಾಡಿಸುತ್ತಿದ್ದೇನೆ. ಪಕ್ಕದ ಮನೆಯವರು ನಾವು ಮತ್ತೆ ಹಸು ತಂದಿದ್ದೇವೆ ಅಂದುಕೊಂಡು ಹಾಲಿನ ಪಾತ್ರೆ ಕಳಿಸಿದ್ದೂ ಆಯಿತು.

ಕರೆಂಟಿನ ಕಥೆ ಚಿಕ್ಕದು. 1800 ವಾಟ್ ಮೆಷಿನ್ನು 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 8 ಆಂಪ್ ಎಳೆಯುತ್ತದೆ ಎಂದು ವಿವರಿಸಿ, 16 ಆಂಪಿನ ಪಾಯಿಂಟು ಹಾಕಿಸಿಕೊಂಡೆ. ನಾನು ಸ್ವಿಚ್ಚೊತ್ತಿದರೆ ಅಡುಗೆಮನೆಯ ಮಿಕ್ಸಿ ಏದುಸಿರು ಬಿಡುತ್ತದೆ. ಈಗ ಚಟ್ನಿಯಾದ ಮೇಲೆಯೇ ಬಡಗಿ ಕೆಲಸ.

ಇನ್ನು ಕೆಲಸದ ಮೇಜು. ರೂಬೋ ಎಂಬ ಫ್ರೆಂಚ್ ಬಡಗಿ 1769ರಷ್ಟು ಹಿಂದೆಯೇ ಬಡಗಿತನದ ಮೇಲೆ ದೊಡ್ಡ ಗ್ರಂಥ ಪ್ರಕಟಿಸತೊಡಗಿದವನು. ಅವನ ಮೇಜಿನ ಹಲಗೆ ಐದಾರು ಅಂಗುಲ ದಪ್ಪ. ನನಗೂ ಅದೇ ಬೇಕಾಯಿತು. 8 ಅಡಿ ಉದ್ದ, 2 ಅಡಿ ಅಗಲ, ಅರ್ಧ ಅಡಿ ದಪ್ಪ, ಅಲ್ಲಿಗೆ 8 ಘನ ಅಡಿ. ಸಾಮಿಲ್ಲಿನವನು ಚೀಟಿ ನೋಡಿ, "ಯಾವ ದೇವಸ್ಥಾನದ ಬಾಗಿಲು, ಮೇಷ್ಟ್ರೇ?" ಅಂದ. ಸಾಗುವಾನಿಯ ದರ ಕೇಳಿದ ಮೇಲೆ ನಾನು ಅಕೇಶಿಯಾಕ್ಕೂ, ರೂಬೋ ಮೂರಂಗುಲಕ್ಕೂ ಇಳಿದೆವು.

ಹಲಗೆ ಬಂತು. ಮೇಜು ಮಾಡಲು ಹಲಗೆಯನ್ನು ಎಲ್ಲಿಟ್ಟುಕೊಳ್ಳಬೇಕು? ಮೇಜಿನ ಮೇಲೆ. ಊಟದ ಮೇಜು ಅಂತ ನಾನಿನ್ನೂ ಬಾಯಿ ತೆರೆದಿರಲಿಲ್ಲ, ಒಳಗಿನಿಂದ "ಬೇಡ" ಎಂದು ಕೇಳಿಸಿತು. ಹಾಗಾಗಿ ಆಚಾರ್ರಿಗೆ ಹೇಳಿ ಕಳಿಸಿದೆ.

ನಾಲ್ಕು ಉಳಿ, ಬಾಚಿ, ಗರಗಸ, ಕೊಡತಿ, ಮೂಲೆಮಟ್ಟ ತುಂಬಿದ ಗೋಣಿಚೀಲವನ್ನು ಇಳಿಸಿದ ಆಚಾರ್ರು ಗೋಡೆ ನೋಡುತ್ತ ನಿಂತರು. ಪ್ರತಿ ಹತಾರಕ್ಕೂ ಒಂದೊಂದು ಗೂಟ, ಸುತ್ತ ಅದರದೇ ಆಕಾರದ ಗೆರೆ, ಕೆಳಗೆ ಹೆಸರು. "ಎಲ್ಲಾ ಗೋಡೆ ಮೇಲಿದ್ರೆ ಕೆಲಸ ಯಾವುದ್ರಲ್ಲಿ ಮಾಡ್ತೀರಿ ಮೇಷ್ಟ್ರೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನೆಲದ ಮೇಲೆ ಕೂತು, ಹಲಗೆಯನ್ನು ಪಾದಗಳಲ್ಲಿ ಒತ್ತಿ ಹಿಡಿದು ಹತ್ತರಿ ಹೊಡೆಯತೊಡಗಿದರು. ನಾನು ಆನ್‌ಲೈನಿನಲ್ಲಿ ತರಿಸಿದ ಕಬ್ಬಿಣದ ವೈಸು ಡಬ್ಬಿಯಲ್ಲೇ ಕೂತು ಇದನ್ನೆಲ್ಲ ನೋಡುತ್ತಿತ್ತು.

ಮೇಜು ಎದ್ದಿತು. ನಾಲ್ಕು ಕಾಲನ್ನೂ ಕೂದಲೆಳೆಯ ವ್ಯತ್ಯಾಸವಿಲ್ಲದಂತೆ ನಾನೇ ಅಳೆದು ಗುರುತು ಹಾಕಿದ್ದೆ. ಆದರೂ ಪೆನ್ಸಿಲ್ಲು ಇಟ್ಟರೆ ಉರುಳಿ ಮೂಲೆಗೆ ಓಡುತ್ತದೆ, ಹಿಂದೆಯೇ ಸ್ಕ್ರೂಗಳು. ರಸಮಟ್ಟದಲ್ಲೇ ದೋಷವಿರಬೇಕೆಂದು ಅದನ್ನು ತಿರುಗಿಸಿ ಇಟ್ಟೆ, ಇನ್ನೊಂದನ್ನು ಕೊಂಡೂ ತಂದೆ. ಆಚಾರ್ರು ಎಲೆಅಡಿಕೆ ಉಗಿದು ಬಂದು, "ಗಂಜಲ ಹರೀಲಿ ಅಂತ ನಿಮ್ಮಪ್ಪಯ್ಯ ವಾಟ ಕೊಟ್ಟು ಹಾಕ್ಸಿದ ನೆಲ ಅಲ್ವ ಇದು" ಅಂದರು. ಅಪ್ಪಯ್ಯ ಓದಿದ್ದು ನಾಲ್ಕನೇ ಕ್ಲಾಸು. ವಾಟ ಮಾತ್ರ ಕರಾರುವಾಕ್ಕು. ಕಳೆದದ್ದೆಲ್ಲ ಈಗ ಗಂಜಲದ ಗುಂಡಿಯಲ್ಲಿ ಸಿಗುತ್ತದೆ, ಹುಡುಕುವ ತಾಪತ್ರಯವಿಲ್ಲ.

ಆಮೇಲೆ ನಾನು ಸ್ವಂತವಾಗಿ ತಯಾರಿಸಿದ ಸಾಮಾನುಗಳು: ಉಳಿ ಇಡಲು ಪೆಟ್ಟಿಗೆ, ಕ್ಲಾಂಪು ನೇತುಹಾಕಲು ಚೌಕಟ್ಟು, ಮಿಕ್ಕ ಹಲಗೆ ಇಡಲು ಅಟ್ಟ, ಅಟ್ಟಕ್ಕೆ ಹತ್ತಲು ಏಣಿ. ಒಂದೂ ಕೊಟ್ಟಿಗೆಯಿಂದ ಹೊರಗೆ ಬಂದಿಲ್ಲ. ಮೇಜಿಗೊಂದು ಡ್ರಾಯರನ್ನೂ ಬೇಸಿಗೆಯಲ್ಲಿ ಗಾಳಿಯಾಡದಂತೆ ಕೂರಿಸಿದ್ದೆ. ಆಷಾಢದ ಮಳೆಗೆ ಹಲಗೆ ನೀರಂಶ ಕುಡಿದು ಉಬ್ಬಿ, ನನ್ನ ಟೇಪು, ಕನ್ನಡಕ ಸಮೇತ ಬಾಯಿ ಮುಚ್ಚಿಕೊಂಡಿತು. ಮರ ಉದ್ದದಲ್ಲಿ ಹೆಚ್ಚುಕಮ್ಮಿ ಇದ್ದ ಹಾಗೇ ಇದ್ದು, ಅಗಲದಲ್ಲಿ ಮಾತ್ರ ಹಿಗ್ಗುತ್ತದಂತೆ. ಋತುಮಾನಕ್ಕೆ ತಕ್ಕಂತೆ ವಿಸ್ತೀರ್ಣ ಬದಲಿಸುವ ಆಯತ ನಮ್ಮ ಪಠ್ಯದಲ್ಲಿ ಇರಲಿಲ್ಲ.

ನನ್ನವಳಿಗೆ ಬೇಕಾಗಿದ್ದ ಚಪಾತಿ ಮಣೆಯನ್ನು ಆಚಾರ್ರೇ ಒಂದು ಮಧ್ಯಾಹ್ನ, ನನ್ನದೇ ಮೇಜಿನ ಕೆಳಗೆ ನೆರಳಿನಲ್ಲಿ ಕೂತು ಮಾಡಿಕೊಟ್ಟರು. ದುಡ್ಡು ಅವಳೇ ಕೊಟ್ಟಳು. ಹಾಗಂತ ನನ್ನ ಕಾರ್ಖಾನೆಗೆ ಮನೆಯಲ್ಲಿ ಗೌರವ ಇಲ್ಲವೆಂದಲ್ಲ. ಬಚ್ಚಲಿನ ಹೊಟ್ಟಿನ ಒಲೆಗೆ ಈಗ ಸಾಮಿಲ್ಲಿಗೆ ಅಲೆಯಬೇಕಾಗಿಲ್ಲ. ನಡುವೆ ಕೋಲು ನಿಲ್ಲಿಸಿ ಹೊಟ್ಟು ಗಿಡಿದು, ಕೋಲು ಎಳೆದು ಕೆಳಗಿಂದ ಬೆಂಕಿ ಕೊಟ್ಟರೆ ಮನೆಮಂದಿಯ ಸ್ನಾನವೆಲ್ಲ ಮುಗಿಯುತ್ತದೆ. ನಿನ್ನೆ ಮಗಳು ಅಳಿಯ ಬರುವವರಿದ್ದರು. ಇವಳು ಬಚ್ಚಲಿನಿಂದಲೇ ಕೂಗಿದಳು: "ರೀ, ಹೊಟ್ಟು ಖಾಲಿ. ಹೋಗಿ ಎಂಥದಾದ್ರೂ ಮಾಡಿ!"